ಈಗ ಬರೆಯುತ್ತಿರುವ ಕೋಶ ಯಾವುದು?

(ರಾಯಚೂರಿನಲ್ಲಿ ಒಂದು ಸಂಜೆ ವಿದ್ಯಾರ್ಥಿಗಳ ಮುಂದೆ, ಊರಿನವರ ಮುಂದೆ ಆಡಿದ ಮಾತು. ಆಡಿದ್ದನ್ನೇ ತುಸು ಒಪ್ಪ ಮಾಡಿ ಬರೆದಿದ್ದೇನೆ. ನಡುವೆ ಸಭೆಯಿಂದ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಒಂದು ಗಾಜಿನ ಲೋಟ ಇದೆ. ಲೋಟದ ಬಾಯಿಯಲ್ಲಿ ಒಂದು ಉಳ್ಳಾಗಡ್ಡಿ ಕೂತಿದೆ. ನಾಲ್ಕು ದಿನದ ಹಿಂದೆ ಅಮ್ಮನ ಅಡುಗೆಮನೆಯಲ್ಲಿ, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಇದನ್ನು ಇಟ್ಟಿದ್ದೆ. ಈಗ ನೋಡಿ, ಬಿಳಿ ಬೇರುಗಳು ಇಳಿದಿವೆ. ಒಂದೊಂದೂ ಹೆಬ್ಬೆರಳಿನಷ್ಟು ಉದ್ದ. ಬೆಳವಣಿಗೆ ನಡೆಯುವುದು ಬೇರಿನ ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ. ಆ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿದರೆ ಜೀವಕೋಶಗಳು ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತವೆ. ಬಿಎಸ್‌ಸಿ ಮಕ್ಕಳೆಲ್ಲ ಇದನ್ನು ಮಾಡಿರುತ್ತೀರಿ.

ನನ್ನ ಪ್ರಶ್ನೆ ಇಷ್ಟೇ. ಆ ಗೋಡೆಯಲ್ಲಿರುವ ಕೋಶಗಳಲ್ಲಿ ಈ ಗಳಿಗೆಯಲ್ಲಿ ತನ್ನ ಡಿಎನ್‌ಎಯ ಇನ್ನೊಂದು ಪ್ರತಿಯನ್ನು ಬರೆಯುತ್ತಿರುವ ಕೋಶ ಯಾವುದು?

ನೋಡಿ ಹೇಳೋಕೆ ಆಗೋದಿಲ್ಲ. ಮೈಕ್ರೋಸ್ಕೋಪ್ ಎಷ್ಟು ಒಳ್ಳೆಯದಿದ್ದರೂ ಆಗೋದಿಲ್ಲ. ಬಣ್ಣ ಎಲ್ಲ ಡಿಎನ್‌ಎಗೂ ಹತ್ತುತ್ತದೆ. ನಿನ್ನೆ ಬರೆದದ್ದು, ಈಗ ಬರೆಯುತ್ತಿರುವುದು, ಎರಡೂ ಒಂದೇ ಬಣ್ಣ. ಹಳೆಯದರ ರಾಶಿಯಲ್ಲಿ ಹೊಸದು ಕರಗಿ ಹೋಗುತ್ತದೆ. ಹೊಸದನ್ನು ಮಾತ್ರ ಬೇರೆ ಮಾಡಿ ತೋರಿಸುವ ಉಪಾಯ ಬೇಕಿತ್ತು. ತಾನಾಗಿ ಒಡೆದು ಕಣ ಹೊರಹಾಕುವ ವಿಕಿರಣಶೀಲ ಪರಮಾಣು ಆ ಉಪಾಯವಾಯಿತು. ನನ್ನ ವಯಸ್ಸಿನ ಅರ್ಧ ಭಾಗವನ್ನು ನಾನು ಇದೇ ಕೆಲಸದಲ್ಲಿ ಕಳೆದಿದ್ದೇನೆ. ಇವತ್ತು ಅದರ ಬಗ್ಗೆಯೇ ಮಾತು.

ನಮ್ಮ ಕಡೆ ಕುರಿಗಾರರು ಹಿಂಡು ಹೊಡೆದುಕೊಂಡು ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕು ಮನೆಯ ಕುರಿ ಒಂದೇ ಹೊಲದಲ್ಲಿ ತಂಗುತ್ತವೆ. ಬೆಳಗ್ಗೆ ಯಾರ ಕುರಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಬೆನ್ನ ಮೇಲೆ ಬಣ್ಣ ಹಚ್ಚಿರುತ್ತಾರೆ. ಒಬ್ಬರದು ಕೆಂಪು, ಇನ್ನೊಬ್ಬರದು ನೀಲಿ. ಬಣ್ಣ ಹಚ್ಚಿದ ಕುರಿ ಉಳಿದ ಕುರಿಗಳ ಹಾಗೆಯೇ ಮೇಯುತ್ತದೆ, ಹಾಗೆಯೇ ನಡೆಯುತ್ತದೆ. ಹಿಂಡಿಗೆ ಅದು ಬೇರೆ ಅಂತ ಅನ್ನಿಸುವುದೇ ಇಲ್ಲ. ನೋಡುವ ನಮಗೆ ಮಾತ್ರ ಬೇರೆ. ಒಳ್ಳೆಯ ಗುರುತು ಅಂದರೆ ಅದು. ವಿಜ್ಞಾನದಲ್ಲಿ ಇದಕ್ಕೆ ಟ್ರೇಸರ್ ಅನ್ನುತ್ತೇವೆ. ಜೀವಕೋಶಕ್ಕೆ ಮಾಮೂಲಿ ಹೈಡ್ರೋಜನ್ ಆದರೂ ಒಂದೇ, ವಿಕಿರಣಶೀಲ ಹೈಡ್ರೋಜನ್ ಆದರೂ ಹೆಚ್ಚುಕಡಿಮೆ ಒಂದೇ. ಎರಡನ್ನೂ ತೆಗೆದುಕೊಂಡು ತನ್ನ ಕೆಲಸಕ್ಕೆ ಬಳಸುತ್ತದೆ. ನಮಗೆ ಮಾತ್ರ ಅದು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಈ ಉಪಾಯ ಹುಟ್ಟಿದ್ದು ಒಂದು ಸೋಲಿನಿಂದ. 1911ರ ಸುಮಾರಿಗೆ ಹಂಗರಿಯ ಜಾರ್ಜ್ ಡಿ ಹೆವೆಶಿ ಎಂಬ ಯುವಕ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಬಳಿ ಕೆಲಸಕ್ಕೆ ಬಂದರು. ಅಲ್ಲಿ ಸೀಸದ ದೊಡ್ಡ ರಾಶಿ ಇತ್ತು. ಅದರೊಳಗೆ ರೇಡಿಯಂ-ಡಿ ಅನ್ನುವ ವಿಕಿರಣಶೀಲ ವಸ್ತು ಬೆರೆತಿತ್ತು. ಅದನ್ನು ಬೇರೆ ಮಾಡಿ ಕೊಡು ಅಂತ ರುದರ್‌ಫೋರ್ಡ್ ಹೇಳಿದರು. ಹೆವೆಶಿ ತಿಂಗಳುಗಟ್ಟಲೆ ಹೆಣಗಿದರು. ಆಗಲಿಲ್ಲ. ಆಗುವ ಹಾಗೂ ಇರಲಿಲ್ಲ. ಯಾಕೆಂದರೆ ರೇಡಿಯಂ-ಡಿ ಅಂದರೆ ಸೀಸವೇ, ಸೀಸದ ಇನ್ನೊಂದು ರೂಪ. ಬೇರೆ ಯಾರಾದರೂ ಬೇಸರಪಟ್ಟು ಬಿಟ್ಟುಬಿಡುತ್ತಿದ್ದರೋ ಏನೋ. ಹೆವೆಶಿ ಆ ಸೋಲನ್ನೇ ತಿರುಗಿಸಿ ಹಿಡಿದರು. ಎರಡನ್ನೂ ಬೇರೆ ಮಾಡೋಕೆ ಆಗೋದಿಲ್ಲ ಅಂದರೆ, ಒಂದನ್ನು ಹಿಂಬಾಲಿಸಿದರೆ ಇನ್ನೊಂದು ಎಲ್ಲಿ ಹೋಗುತ್ತದೆ ಅಂತ ಗೊತ್ತಾಗುತ್ತದೆ, ಅಲ್ವಾ? 1923ರಲ್ಲಿ ಅವರು ಬೀನ್ಸ್ ಜಾತಿಯ ಗಿಡದ ಬೇರಿಗೆ ವಿಕಿರಣಶೀಲ ಸೀಸ ಕೊಟ್ಟು, ಅದು ಕಾಂಡಕ್ಕೆ ಎಷ್ಟು ಏರಿತು, ಎಲೆಗೆ ಎಷ್ಟು ಏರಿತು ಅಂತ ಅಳೆದರು. ಜೀವಿಯೊಂದರಲ್ಲಿ ಟ್ರೇಸರ್ ಬಳಸಿದ ಮೊದಲ ಪ್ರಯೋಗ ಅದು.

ಅವರು ಹೇಳಿಕೊಳ್ಳುತ್ತಿದ್ದ ಇನ್ನೊಂದು ಕಥೆ ಇದೆ. ಖಾನಾವಳಿಯಲ್ಲಿ ಉಣ್ಣುವ ಹುಡುಗರಿಗೆ ಇದು ಇಷ್ಟವಾಗುತ್ತದೆ. ಮ್ಯಾಂಚೆಸ್ಟರಿನಲ್ಲಿ ಅವರು ಇದ್ದ ಬಾಡಿಗೆ ಮನೆಯ ಒಡತಿ, ಊಟದಲ್ಲಿ ಮಿಕ್ಕಿದ್ದನ್ನು ಮುಂದಿನ ದಿನಗಳಲ್ಲಿ ಹೊಸ ಅಡುಗೆಯಲ್ಲಿ ಸೇರಿಸುತ್ತಾರೆ ಅಂತ ಅವರಿಗೆ ಅನುಮಾನ. ಕೇಳಿದರೆ ಆಕೆ ಒಪ್ಪುತ್ತಿರಲಿಲ್ಲ. ಒಂದು ದಿನ ಹೆವೆಶಿ ತಟ್ಟೆಯಲ್ಲಿ ಬಿಟ್ಟ ಊಟಕ್ಕೆ ಚೂರೇ ಚೂರು ವಿಕಿರಣಶೀಲ ವಸ್ತು ಸೇರಿಸಿದರು. ಕೆಲವು ದಿನ ಬಿಟ್ಟು ಬಡಿಸಿದ ಅಡುಗೆಯ ಹತ್ತಿರ ಅಳೆಯುವ ಸಾಧನ ಹಿಡಿದರು. ಸಾಧನ ಮಿಸುಕಿತು. ಇವತ್ತು ಯಾರೂ ಹಾಗೆ ಮಾಡಬಾರದು, ಅದು ತಪ್ಪು. ಆದರೆ ಅದರ ಹಿಂದಿನ ಯೋಚನೆ ಎಷ್ಟು ಸರಳ ನೋಡಿ. ನಿನ್ನೆಯದಕ್ಕೆ ಗುರುತು ಹಾಕು, ನಾಳೆ ಎಲ್ಲಿ ಸಿಗುತ್ತದೆ ನೋಡು. ಹೆವೆಶಿಗೆ 1943ರ ರಸಾಯನಶಾಸ್ತ್ರ ನೊಬೆಲ್ ಬಂತು.

ಈಗ ಡಿಎನ್‌ಎಗೆ ಬರೋಣ. ಡಿಎನ್‌ಎಯಲ್ಲಿ ನಾಲ್ಕು ಅಕ್ಷರ: ಎ, ಜಿ, ಸಿ, ಟಿ. ಅದರ ಮಾತನ್ನು ನಕಲು ಮಾಡಿ ಒಯ್ಯುವ ಆರ್‌ಎನ್‌ಎಯಲ್ಲೂ ನಾಲ್ಕೇ. ಆದರೆ ಅಲ್ಲಿ ಟಿ ಬದಲು ಯು ಇರುತ್ತದೆ. ಈ ಒಂದು ಅಕ್ಷರದ ವ್ಯತ್ಯಾಸ ನಮಗೆ ಸಿಕ್ಕ ದೊಡ್ಡ ಬಾಗಿಲು. ಟಿ ಅಕ್ಷರದ ಕಚ್ಚಾ ಸಾಮಾನಿಗೆ ಥೈಮಿಡಿನ್ ಅಂತ ಹೆಸರು. ಅದಕ್ಕೆ ಗುರುತು ಹಾಕಿ ಕೋಶಕ್ಕೆ ಕೊಟ್ಟರೆ ಆ ಗುರುತು ಹೋಗಿ ಕೂರುವುದು ಡಿಎನ್‌ಎಯಲ್ಲಿ. ಯು ಅಕ್ಷರದ ಸಾಮಾನು ಯುರಿಡಿನ್. ಅದಕ್ಕೆ ಗುರುತು ಹಾಕಿದರೆ ಬಹುಪಾಲು ಆರ್‌ಎನ್‌ಎಗೆ ಹೋಗುತ್ತದೆ. ಯಾವುದನ್ನು ನೋಡಬೇಕೋ ಆ ಅಕ್ಷರಕ್ಕೆ ಗುರುತು. ಕೆಲಸದ ಅರ್ಧ ಜಾಣತನ ಈ ಆಯ್ಕೆಯಲ್ಲೇ ಮುಗಿದಿರುತ್ತದೆ.

ಇನ್ನರ್ಧ ಯಾವ ಪರಮಾಣು ಅನ್ನುವುದರಲ್ಲಿ. ನಾವು ಜಾಸ್ತಿ ಬಳಸಿದ್ದು ಎರಡು. ಒಂದು ರಂಜಕ-32. ಡಿಎನ್‌ಎಯ ಬೆನ್ನೆಲುಬಿನಲ್ಲಿ ಉದ್ದಕ್ಕೂ ರಂಜಕ ಇರುವುದರಿಂದ ಅದು ಸಹಜ ಆಯ್ಕೆ. ಅದರ ಅರ್ಧಾಯುಷ್ಯ 14.3 ದಿನ. ಅಂದರೆ ಇವತ್ತು ಇದ್ದದ್ದು ಎರಡು ವಾರದಲ್ಲಿ ಅರ್ಧ. ಅದು ಹೊರಹಾಕುವ ಬೀಟಾ ಕಣಕ್ಕೆ, ಅಂದರೆ ವೇಗವಾಗಿ ಓಡುವ ಎಲೆಕ್ಟ್ರಾನಿಗೆ, ಬಲ ಜಾಸ್ತಿ, ನೀರಿನಲ್ಲಿ ಕೆಲವು ಮಿಲಿಮೀಟರ್ ದೂರ ಓಡುತ್ತದೆ. ಇನ್ನೊಂದು ಟ್ರಿಷಿಯಂ, ಹೈಡ್ರೋಜನ್ನಿನ ವಿಕಿರಣಶೀಲ ರೂಪ. ಅರ್ಧಾಯುಷ್ಯ 12.3 ವರ್ಷ. ಅದರ ಕಣಕ್ಕೆ ಬಲ ಬಹಳ ಕಡಿಮೆ. ಸುಮಾರು ಒಂದು ಮೈಕ್ರೋಮೀಟರ್ ಹೋಗುವಷ್ಟರಲ್ಲಿ ಸುಸ್ತಾಗಿ ನಿಲ್ಲುತ್ತದೆ. ಒಂದು ಜೀವಕೋಶದ ಅಗಲ ಹತ್ತು ಮೈಕ್ರೋಮೀಟರಿನ ಆಸುಪಾಸು ಅಂತ ಇಟ್ಟುಕೊಳ್ಳಿ. ಆಗ ಟ್ರಿಷಿಯಂನ ಸುಸ್ತೇ ನಮಗೆ ವರ. ಕಣ ಎಲ್ಲಿ ನಿಂತಿದೆಯೋ ಅದರ ಪಕ್ಕದಲ್ಲೇ ಅದು ಹುಟ್ಟಿದೆ ಅಂತ ಧೈರ್ಯವಾಗಿ ಹೇಳಬಹುದು. ಯಾವ ಕೋಶ, ಕೋಶದ ಯಾವ ಭಾಗ, ಕೆಲವೊಮ್ಮೆ ಯಾವ ಕ್ರೋಮೋಸೋಮು (ಡಿಎನ್‌ಎ ಸುತ್ತಿಟ್ಟ ಕಟ್ಟು), ಅಲ್ಲಿಯವರೆಗೂ.

ಆದರೆ ಕಣವನ್ನು ನೋಡುವುದು ಹೇಗೆ? ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಈ ಊರಿನಲ್ಲೇ ಬಹಳ ವರ್ಷ ಫೋಟೋ ಸ್ಟುಡಿಯೋ ನಡೆಸಿದವರಂತೆ. "ಫಿಲ್ಮಿನ ಮ್ಯಾಲೆ ಬೀಳ್ತದೇನ್ರಿ ಮೇಡಂ?" ಅಂದರು. ನಾನು ಹೇಳಬೇಕಾದದ್ದನ್ನು ಅವರೇ ಹೇಳಿಬಿಟ್ಟರು. ಹೌದು, ಫಿಲ್ಮಿನ ಮೇಲೆ ಬೀಳುತ್ತದೆ. ಕಪ್ಪು-ಬಿಳುಪು ಫಿಲ್ಮಿಗೆ ಹಚ್ಚಿರುವ ಬೆಳ್ಳಿಯ ಲವಣದ ಮೇಲೆ ಬೆಳಕು ಬಿದ್ದರೆ ಏನಾಗುತ್ತದೋ, ಬೀಟಾ ಕಣ ಬಿದ್ದರೂ ಅದೇ ಆಗುತ್ತದೆ. ತೊಳೆದಾಗ ಆ ಜಾಗದಲ್ಲಿ ಕಪ್ಪು ಬೆಳ್ಳಿಯ ಚುಕ್ಕೆ ಮೂಡುತ್ತದೆ.

ನಮ್ಮ ಕೆಲಸ ನಡೆಯುತ್ತಿದ್ದ ಕತ್ತಲಕೋಣೆಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಒಳಗೆ ಮಂಕಾದ ಕೆಂಪು ದೀಪ. ಅದೇ ಬೆಳ್ಳಿಯ ಲವಣ ಬೆರೆತ ಫೋಟೋಗ್ರಾಫಿಕ್ ಎಮಲ್ಶನ್ ತಣ್ಣಗಿದ್ದಾಗ ಗಟ್ಟಿ ಮೊಸರಿನ ಹಾಗೆ ಇರುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು 40 ಡಿಗ್ರಿ ಹತ್ತಿರಕ್ಕೆ ತಂದರೆ ತೆಳ್ಳಗಾಗುತ್ತದೆ. ಕೋಶಗಳನ್ನು ಅಂಟಿಸಿದ ಗಾಜಿನ ಸ್ಲೈಡನ್ನು ಅದರಲ್ಲಿ ಅದ್ದಿ, ನಿಧಾನವಾಗಿ, ಒಂದೇ ವೇಗದಲ್ಲಿ ಎತ್ತಬೇಕು. ಕೈ ನಡುಗಿದರೆ ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಿಂಬದಿಯನ್ನು ಒರೆಸಿ, ಒಣಗಿಸಿ, ಬೆಳಕು ತೂರದ ಕಪ್ಪು ಡಬ್ಬಿಯಲ್ಲಿ ಜೋಡಿಸಬೇಕು. ಡಬ್ಬಿಯಲ್ಲಿ ತೇವ ಹೀರುವ ಹರಳಿನ ಪೊಟ್ಟಣ ಇಡಬೇಕು. ಮುಚ್ಚಳದ ಸುತ್ತ ಕಪ್ಪು ಟೇಪು. ಮೇಲೆ ತಾರೀಖು. ಆಮೇಲೆ ಫ್ರಿಜ್ಜಿನಲ್ಲಿಟ್ಟು ಕಾಯುವುದು. ಒಂದು ವಾರ, ಮೂರು ವಾರ, ಕೆಲವೊಮ್ಮೆ ಎರಡು ತಿಂಗಳು. ನೀವು ಕಾಯುತ್ತಿರುವಾಗ ಒಳಗೆ ಪರಮಾಣುಗಳು ಒಂದೊಂದಾಗಿ ಒಡೆದು, ಒಂದೊಂದು ಚುಕ್ಕೆ ಇಡುತ್ತಿರುತ್ತವೆ.

ಆ ಕಾಯುವಿಕೆ ಎಂಥದ್ದು ಅಂತ ನನಗೆ ಗೊತ್ತು. ಒಮ್ಮೆ ಆರು ವಾರದ 24 ಸ್ಲೈಡುಗಳು ಒಂದೇ ದಿನ ಹೋದವು. ಫ್ರಿಜ್ ಸ್ವಚ್ಛ ಮಾಡುವಾಗ ಯಾರೋ ಡಬ್ಬಿಯ ಟೇಪು ಬಿಚ್ಚಿ, ಏನಿದೆ ಅಂತ ನೋಡಿ, ಮತ್ತೆ ಮುಚ್ಚಿಟ್ಟಿದ್ದರು. ತೊಳೆದಾಗ ಎಲ್ಲ ಸ್ಲೈಡು ಮಸಿ ಬಳಿದ ಹಾಗೆ ಕಪ್ಪು. ಅಂದು ಅತ್ತಿದ್ದೆ. ಮರುದಿನದಿಂದ ಪ್ರತಿ ಡಬ್ಬಿಯ ಮೇಲೆ ಇಂಗ್ಲಿಷು, ಹಿಂದಿ, ತೆಲುಗು, ಕನ್ನಡ ನಾಲ್ಕರಲ್ಲೂ 'ತೆರೆಯಬೇಡಿ' ಅಂತ ಬರೆದು ಅಂಟಿಸಿದೆ. ನನ್ನ ವಿದ್ಯಾರ್ಥಿಗಳೂ ಹಾಗೇ ಮಾಡುತ್ತಿದ್ದರು.

ಸರಿಯಾಗಿ ಬಂದ ಸ್ಲೈಡನ್ನು ಮೊದಲ ಸಲ ನೋಡಿದ ದಿನವೂ ನೆನಪಿದೆ. ಅಕ್ಕಪಕ್ಕ ಎರಡು ಕೋಶ. ಆಕಾರ ಒಂದೇ, ಗಾತ್ರ ಒಂದೇ. ಒಂದರ ಕೋಶಕೇಂದ್ರದ ಮೇಲೆ ಏನೂ ಇಲ್ಲ. ಇನ್ನೊಂದರ ಮೇಲೆ ಕರಿ ಎಳ್ಳು ಉದುರಿಸಿದ ಹಾಗೆ ಚುಕ್ಕೆಗಳು. ನಾನು ಥೈಮಿಡಿನ್ ಕೊಟ್ಟಿದ್ದ ಆ ಅರ್ಧ ಗಂಟೆಯಲ್ಲಿ ಈ ಕೋಶ ಬರೆಯುತ್ತಿತ್ತು, ಪಕ್ಕದ್ದು ಬರೆಯುತ್ತಿರಲಿಲ್ಲ. ಅಷ್ಟು ಖಚಿತವಾದ ಉತ್ತರ ಜೀವಶಾಸ್ತ್ರದಲ್ಲಿ ಸಿಗುವುದು ಅಪರೂಪ.

ಇದೇ ದಾರಿಯಲ್ಲಿ ಒಂದು ದೊಡ್ಡ ತಪ್ಪು ನಂಬಿಕೆ ಬಿದ್ದುಹೋಯಿತು. ಒಂದು ಕೋಶ ಒಡೆದು ಎರಡಾಗುವಾಗ ಕ್ರೋಮೋಸೋಮುಗಳು ದಪ್ಪಗಾಗಿ ಕಣ್ಣಿಗೆ ಕಾಣುತ್ತವೆ. ನೋಡುವುದಕ್ಕೆ ಗಡಿಬಿಡಿ ಇರುವುದು ಆಗಲೇ. ಡಿಎನ್‌ಎ ತಯಾರಾಗುವುದೂ ಆಗಲೇ ಇರಬೇಕು ಅಂತ ಬಹಳ ಜನ ಅಂದುಕೊಂಡಿದ್ದರು. ಉಳಿದ ಸಮಯಕ್ಕೆ 'ವಿಶ್ರಾಂತಿ ಹಂತ' ಅಂತಲೇ ಹೆಸರಿಟ್ಟಿದ್ದರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೊವರ್ಡ್ ಮತ್ತು ಸ್ಟೀಫನ್ ಪೆಲ್ಕ್ 1950ರ ದಶಕದ ಮೊದಲ ವರ್ಷಗಳಲ್ಲಿ ಬೀನ್ಸ್ ಬೇರಿಗೆ ರಂಜಕ-32 ಕೊಟ್ಟರು. ರಂಜಕ ಆರ್‌ಎನ್‌ಎಗೂ ಹೋಗುತ್ತದೆ. ಅದಕ್ಕೆ ಆರ್‌ಎನ್‌ಎಯನ್ನು ಆಸಿಡ್ಡಿನಿಂದ ತೆಗೆದುಹಾಕಿ, ಡಿಎನ್‌ಎಯದನ್ನು ಮಾತ್ರ ಉಳಿಸಿಕೊಂಡರು. ಚುಕ್ಕೆ ಕಂಡದ್ದು ಎಲ್ಲಿ? ವಿಶ್ರಾಂತಿಯಲ್ಲಿವೆ ಅಂದುಕೊಂಡಿದ್ದ ಕೋಶಗಳ ಮೇಲೆ. ಅದೂ ಎಲ್ಲದರ ಮೇಲೂ ಅಲ್ಲ. ಕೋಶ ಒಡೆದ ಮೇಲೆ ಒಂದು ಬಿಡುವು, ಆಮೇಲೆ ಬರವಣಿಗೆ, ಆಮೇಲೆ ಇನ್ನೊಂದು ಬಿಡುವು, ಆಮೇಲೆ ಮತ್ತೆ ಒಡೆಯುವುದು. ಪರೀಕ್ಷೆಗೆ ಬಾಯಿಪಾಠ ಮಾಡುವ ಜಿ1, ಎಸ್, ಜಿ2 ಅನ್ನುವ ಹೆಸರುಗಳು ಅಲ್ಲಿಂದಲೇ ಬಂದವು. ಅವರ ಬೀನ್ಸ್ ಬೇರಿನಲ್ಲಿ ಇಡೀ ಸುತ್ತು ಸುಮಾರು 30 ಗಂಟೆ, ಅದರಲ್ಲಿ ಬರವಣಿಗೆಗೆ ಹೋಗುವುದು ಸುಮಾರು 6 ಗಂಟೆ. ನಾವು ಸುಮ್ನೆ ಕೂತಿದೆ ಅಂದುಕೊಂಡ ಹೊತ್ತಿನಲ್ಲೇ ಕೋಶ ತನ್ನ ಅತಿ ದೊಡ್ಡ ಕೆಲಸ ಮಾಡುತ್ತಿತ್ತು. ಅದಕ್ಕೇ ಮಕ್ಕಳಿಗೆ ಹೇಳುತ್ತೇನೆ, ಆ ಮೂರು ಹೆಸರು ಓದುವಾಗ ಆ ಚುಕ್ಕೆಗಳನ್ನೂ ನೆನಪಿಸಿಕೊಳ್ಳಿ ಅಂತ.

1957ರಲ್ಲಿ ಹರ್ಬರ್ಟ್ ಟೇಲರ್, ಫಿಲಿಪ್ ವುಡ್ಸ್, ವಾಲ್ಟರ್ ಹ್ಯೂಸ್ ಮೂವರೂ ಸೇರಿ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಅವರೂ ಅದೇ ಬೀನ್ಸ್ ಬೇರನ್ನೇ ಹಿಡಿದರು. ಅದರ ಕ್ರೋಮೋಸೋಮು 12 ಮಾತ್ರ, ಅದೂ ದೊಡ್ಡ ದೊಡ್ಡವು. ಟ್ರಿಷಿಯಂ ಗುರುತಿನ ಥೈಮಿಡಿನ್ನಿನಲ್ಲಿ ಬೇರನ್ನು ಕೆಲವು ಗಂಟೆ ಬೆಳೆಸಿದರು. ತೊಳೆದರು. ಆಮೇಲೆ ಗುರುತಿಲ್ಲದ ನೀರಿಗೆ ಹಾಕಿದರು. ಆ ನೀರಿನಲ್ಲಿ ಕಾಲ್ಚಿಸಿನ್ ಇತ್ತು. ಅದಿದ್ದರೆ ಕ್ರೋಮೋಸೋಮು ಇಬ್ಬಾಗವಾದರೂ ಎರಡು ಕೋಶಕ್ಕೆ ಹಂಚಿಹೋಗುವುದಿಲ್ಲ. ಹಾಗಾಗಿ ಕೋಶದಲ್ಲಿ 12 ಇದ್ದರೆ ಗುರುತು ಹಾಕಿದ ಮೇಲಿನ ಮೊದಲ ಸುತ್ತು, 24 ಇದ್ದರೆ ಎರಡನೆಯದು ಅಂತ ಎಣಿಸಿ ಹೇಳಬಹುದು.

ಒಂದು ಎರಡೆಳೆ ಹಗ್ಗ ಅಂದುಕೊಳ್ಳಿ. ಹಗ್ಗ ಬಿಚ್ಚಿ, ಪ್ರತಿ ಹಳೆ ಎಳೆಗೆ ಒಂದು ಕೆಂಪು ಎಳೆ ಹೊಸೆದರೆ ಎರಡು ಹಗ್ಗ ಆಗುತ್ತವೆ. ಎರಡರಲ್ಲೂ ಕೆಂಪು ಇದೆ. ಈಗ ಈ ಎರಡನ್ನೂ ಬಿಚ್ಚಿ, ಈ ಸಲ ಬಿಳಿ ಎಳೆಯಿಂದಲೇ ಹೊಸೆಯಿರಿ. ಪ್ರತಿ ಹಗ್ಗದಿಂದ ಹುಟ್ಟಿದ ಜೋಡಿಯಲ್ಲಿ ಒಂದರಲ್ಲಿ ಕೆಂಪು ಇರುತ್ತದೆ, ಇನ್ನೊಂದು ಪೂರ್ತಿ ಬಿಳಿ. ಅವರ ಸ್ಲೈಡಿನಲ್ಲಿ ಕಂಡದ್ದು ಥೇಟ್ ಇದೇ. ಮೊದಲ ಸುತ್ತಿನಲ್ಲಿ ಜೋಡಿಯ ಎರಡೂ ತುಂಡಿನ ಮೇಲೆ ಚುಕ್ಕೆ. ಎರಡನೆಯ ಸುತ್ತಿನಲ್ಲಿ ಒಂದರ ಮೇಲೆ ಚುಕ್ಕೆ, ಅದರ ಅವಳಿ ಬೆಳ್ಳಗೆ. ಡಿಎನ್‌ಎ ಹೇಗೆ ಪ್ರತಿಯಾಗಬಹುದು ಅಂತ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಊಹೆ ಹೇಳಿದ್ದರು. ಕ್ರೋಮೋಸೋಮಿನ ಮಟ್ಟದಲ್ಲಿ ಅದು ಹೀಗೆಯೇ ನಡೆಯುತ್ತದೆ ಅಂತ ಒಂದು ಬೀನ್ಸ್ ಬೇರು ತೋರಿಸಿಕೊಟ್ಟಿತು.

ಫಿಲ್ಮು ಬೇಡ, ಬರೀ ಲೆಕ್ಕ ಸಾಕು ಅಂದರೆ ಇನ್ನೊಂದು ದಾರಿ ಇದೆ. ತಣ್ಣಗಿನ ಟ್ರೈಕ್ಲೋರೋಅಸಿಟಿಕ್ ಆಸಿಡ್ ಹಾಕಿದರೆ ಉದ್ದನೆಯ ಡಿಎನ್‌ಎ ಹಾಲು ಒಡೆದಂತೆ ಗಸಿಯಾಗಿ ಕೆಳಗಿಳಿಯುತ್ತದೆ. ಜೋಡಣೆಯಾಗದೆ ಉಳಿದ ಬಿಡಿ ಅಕ್ಷರಗಳು ನೀರಿನಲ್ಲೇ ಇರುತ್ತವೆ. ಸೋಸಿ, ತೊಳೆದು, ಸೋಸುಕಾಗದದಲ್ಲಿ ಉಳಿದದ್ದನ್ನು ಎಣಿಸಬೇಕು. ಆರ್ಥರ್ ಕೋರ್ನ್‌ಬರ್ಗ್ ಸೇಂಟ್ ಲೂಯಿಯಲ್ಲಿ 1950ರ ದಶಕದ ನಡುವೆ ಬ್ಯಾಕ್ಟೀರಿಯಾದ ರಸವನ್ನು ಹಿಂಡಿ ತೆಗೆದು, ಅದಕ್ಕೆ ಗುರುತಿನ ಥೈಮಿಡಿನ್ ಹಾಕಿ ಹೀಗೆ ಎಣಿಸಿದಾಗ, ಹಾಕಿದ 10 ಲಕ್ಷ ಎಣಿಕೆಯಲ್ಲಿ ಡಿಎನ್‌ಎಗೆ ಸೇರಿದ್ದು ಸುಮಾರು 50. ಅಷ್ಟು ಸಣ್ಣ ಸಂಖ್ಯೆಯನ್ನು ಅವರು ತಪ್ಪು ಅಂತ ಬಿಸಾಕಲಿಲ್ಲ. ಬೆನ್ನುಹತ್ತಿ ಹೋಗಿ ಡಿಎನ್‌ಎ ಬರೆಯುವ ಕಿಣ್ವವನ್ನೇ ಹಿಡಿದು ತಂದರು. 1959ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಆ ಕಿಣ್ವಕ್ಕೆ ಒಂದು ಹಠ ಇದೆ. ಅದು ಒಂದೇ ದಿಕ್ಕಿನಲ್ಲಿ ಬರೆಯುತ್ತದೆ. ಡಿಎನ್‌ಎಯ ಎರಡು ಎಳೆಗಳಾದರೋ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡಿವೆ. ಹಾಗಿದ್ದರೆ ಎರಡೂ ಒಟ್ಟಿಗೆ ಹೇಗೆ ಪ್ರತಿಯಾಗುತ್ತವೆ?

ಸಿಂಧನೂರು, ಗಂಗಾವತಿ ಕಡೆಯವರಿಗೆ ಇದನ್ನು ನಾಟಿಯಲ್ಲಿ ಹೇಳುತ್ತೇನೆ. ನಾಟಿ ಹಚ್ಚುವ ಹೆಣ್ಣುಮಕ್ಕಳು ಯಾವಾಗಲೂ ಹಿಂದಕ್ಕೆ ಸರಿಯುತ್ತಾ ಸಸಿ ಊರುತ್ತಾರೆ. ಮುಂದಕ್ಕೆ ನಡೆದರೆ ಊರಿದ ಸಸಿಯನ್ನು ತಾವೇ ತುಳಿಯಬೇಕಾಗುತ್ತದೆ. ಅಕ್ಕಪಕ್ಕ ಎರಡು ಮಡಿ ಇವೆ ಅನ್ನಿ. ಟ್ರ್ಯಾಕ್ಟರು ಎರಡನ್ನೂ ಒಟ್ಟಿಗೆ ಕೆಸರು ಮಾಡುತ್ತಾ ಪೂರ್ವಕ್ಕೆ ಹೋಗುತ್ತಿದೆ. ಒಂದು ಮಡಿಯವರು ಪೂರ್ವಕ್ಕೇ ಸರಿಯುತ್ತಿದ್ದಾರೆ. ಅವರಿಗೆ ತೊಂದರೆ ಇಲ್ಲ, ಟ್ರ್ಯಾಕ್ಟರಿನ ಹಿಂದೆಯೇ ಎಡೆಬಿಡದೆ ಸಾಗಬಹುದು. ಇನ್ನೊಂದು ಮಡಿಯವರು ಪಶ್ಚಿಮಕ್ಕೆ ಮಾತ್ರ ಸರಿಯಬೇಕು ಅಂತ ಕಟ್ಟಳೆ. ಅವರೇನು ಮಾಡಬೇಕು? ಒಂದಿಷ್ಟು ಕೆಸರು ಸಿದ್ಧವಾಗುವ ತನಕ ಕಾಯಬೇಕು. ಟ್ರ್ಯಾಕ್ಟರಿನ ಹತ್ತಿರಕ್ಕೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ನೆಡುತ್ತಾ ಬಂದು, ಹಿಂದೆ ನೆಟ್ಟ ತುಂಡಿಗೆ ಮುಟ್ಟಿಸಬೇಕು. ಮತ್ತೆ ಮುಂದೆ ಹೋಗಬೇಕು. ತುಂಡು ತುಂಡಾಗಿ ನೆಡುವುದು ಅನಿವಾರ್ಯ. ಇಲ್ಲಿ ಮಡಿ ಅಂದರೆ ಡಿಎನ್‌ಎಯ ಎಳೆ, ಟ್ರ್ಯಾಕ್ಟರು ಅಂದರೆ ಎಳೆಗಳು ಬಿಚ್ಚಿಕೊಳ್ಳುತ್ತಾ ಹೋಗುವ ಜಾಗ, ನೆಡುವವರು ಅಂದರೆ ಆ ಕಿಣ್ವ.

ಜಪಾನಿನ ನಗೋಯಾದಲ್ಲಿ ರೇಜಿ ಒಕಜಾಕಿ ಮತ್ತು ಅವರ ಹೆಂಡತಿ ಟ್ಸುನೆಕೊ ಕೇಳಿಕೊಂಡದ್ದು ಇದನ್ನೇ. ಹೊಸ ಡಿಎನ್‌ಎ ನಿಜಕ್ಕೂ ತುಂಡಾಗಿ ಹುಟ್ಟುತ್ತದೆಯಾ? ಹುಟ್ಟಿದರೂ ಕ್ಷಣದಲ್ಲಿ ಬೆಸೆದುಹೋಗುತ್ತದೆ. ಹಿಡಿಯಬೇಕಾದರೆ ಕ್ಷಣದಷ್ಟೇ ಗುರುತು ಹಾಕಬೇಕು. ಅವರು ಬ್ಯಾಕ್ಟೀರಿಯಾವನ್ನು 20 ಡಿಗ್ರಿಗೆ ತಣ್ಣಗೆ ಮಾಡಿ ಅದರ ವೇಗ ತಗ್ಗಿಸಿದರು. ಗುರುತಿನ ಥೈಮಿಡಿನ್ನನ್ನು ಕೆಲವೇ ಸೆಕೆಂಡು ಕೊಟ್ಟು ನಿಲ್ಲಿಸಿದರು. ಎಳೆಗಳನ್ನು ಬಿಡಿಸಿ, ಸಕ್ಕರೆ ದ್ರಾವಣದಲ್ಲಿ ಜೋರಾಗಿ ತಿರುಗಿಸಿದರು. ಉದ್ದದವು ಕೆಳಗೆ ಹೋಗುತ್ತವೆ, ಗಿಡ್ಡದವು ಮೇಲೆ ಉಳಿಯುತ್ತವೆ. ಗುರುತು ಸಿಕ್ಕಿದ್ದು ಮೇಲೆ, ಸಾವಿರ ಎರಡು ಸಾವಿರ ಅಕ್ಷರದ ಗಿಡ್ಡ ತುಂಡುಗಳಲ್ಲಿ. ಇನ್ನಷ್ಟು ಹೊತ್ತು ಬಿಟ್ಟರೆ ಅದೇ ಗುರುತು ಉದ್ದನೆಯ ಎಳೆಗೆ ಸೇರಿಹೋಗುತ್ತಿತ್ತು. 1968ರಲ್ಲಿ ಇದು ಪ್ರಕಟವಾಯಿತು. ಈಗ ಆ ತುಂಡುಗಳಿಗೆ ಅವರದೇ ಹೆಸರು.

ರೇಜಿ ಹುಟ್ಟಿದ್ದು ಹಿರೋಶಿಮಾದಲ್ಲಿ. ಬಾಂಬು ಬಿದ್ದಾಗ ಅವರಿಗೆ 14 ವರ್ಷ. 1975ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ 44. ಹುಡುಗನಾಗಿದ್ದಾಗ ಮೈಮೇಲೆ ಬಿದ್ದ ವಿಕಿರಣವೇ ಅದಕ್ಕೆ ಕಾರಣ ಅಂತ ಹೇಳುತ್ತಾರೆ. ಕೆಲಸವನ್ನು ಟ್ಸುನೆಕೊ ಮುಂದುವರಿಸಿದರು. ಈ ಪಾಠ ಮಾಡುವಾಗ ಪ್ರತಿ ಸಲ ಇಲ್ಲಿ ನನ್ನ ಮಾತು ಸ್ವಲ್ಪ ನಿಲ್ಲುತ್ತದೆ.

ಆರ್‌ಎನ್‌ಎ ವಿಷಯ ಚುಟುಕಾಗಿ ಹೇಳುತ್ತೇನೆ. ಗುರುತಿನ ಯುರಿಡಿನ್ನನ್ನು ಕೆಲವು ನಿಮಿಷ ಕೊಟ್ಟು ನಿಲ್ಲಿಸಿದರೆ ಚುಕ್ಕೆಗಳೆಲ್ಲ ಕೋಶಕೇಂದ್ರದ ಮೇಲೆ ಇರುತ್ತವೆ. ತೊಳೆದು, ಗುರುತಿಲ್ಲದ ಯುರಿಡಿನ್ ಧಾರಾಳವಾಗಿ ಸುರಿದು, ಒಂದೆರಡು ಗಂಟೆ ಬಿಟ್ಟು ನೋಡಿದರೆ ಚುಕ್ಕೆಗಳು ಹೊರಗಿನ ಭಾಗಕ್ಕೆ ಬಂದಿರುತ್ತವೆ. ಆರ್‌ಎನ್‌ಎ ಹುಟ್ಟುವುದು ಒಳಗೆ, ಕೆಲಸ ಮಾಡುವುದು ಹೊರಗೆ ಅಂತ ಕಣ್ಣಿಗೇ ಕಾಣುತ್ತದೆ. ಲ್ಯಾಬಿನ ಮಾತಿನಲ್ಲಿ ಗುರುತಿನದು 'ಹಾಟ್', ಗುರುತಿಲ್ಲದ್ದು 'ಕೋಲ್ಡ್'. ಮೊದಲು ಹಾಟ್, ಆಮೇಲೆ ಕೋಲ್ಡ್. ಕಾಲುವೆಗೆ ಒಂದು ಕೊಡ ಬಣ್ಣದ ನೀರು ಸುರಿದು, ಮೇಲಿನಿಂದ ಬರೀ ನೀರು ಬಿಟ್ಟು, ಬಣ್ಣ ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಿತು ಅಂತ ದಂಡೆಯ ಮೇಲೆ ನಿಂತು ನೋಡಿದ ಹಾಗೆ. ತುಂಗಭದ್ರಾ ಎಡದಂಡೆಯ ಕೊನೆ ಭಾಗದ ರೈತರಿಗೆ ನೀರು ಯಾವಾಗ ಮುಟ್ಟುತ್ತದೆ ಅನ್ನುವ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಎಣಿಕೆ ಜಾಸ್ತಿ ಬಂತು ಅಂದ ಮಾತ್ರಕ್ಕೆ ಡಿಎನ್‌ಎ ಜಾಸ್ತಿ ತಯಾರಾಯಿತು ಅಂತ ಅಲ್ಲ. ಕೋಶಕ್ಕೆ ಟಿ ಅಕ್ಷರ ಎರಡು ಕಡೆಯಿಂದ ಬರುತ್ತದೆ. ಒಂದಷ್ಟನ್ನು ತಾನೇ ಮನೆಯಲ್ಲಿ ಮಾಡಿಕೊಳ್ಳುತ್ತದೆ. ಒಂದಷ್ಟನ್ನು ಹೊರಗಿನಿಂದ ತರುತ್ತದೆ. ನಾವು ಗುರುತು ಹಾಕುವುದು ಹೊರಗಿನದಕ್ಕೆ ಮಾತ್ರ. ಮೆಥೊಟ್ರೆಕ್ಸೇಟ್ ಎಂಬ ಔಷಧಿಯ ಹೆಸರು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಕ್ಯಾನ್ಸರಿಗೂ ಕೊಡುತ್ತಾರೆ, ಕೀಲುವಾತಕ್ಕೂ ಕೊಡುತ್ತಾರೆ. ಅದು ಮನೆಯ ತಯಾರಿಯನ್ನು ನಿಲ್ಲಿಸುತ್ತದೆ. ಆಗ ಕೋಶ ಹೊರಗಿನಿಂದ ಜಾಸ್ತಿ ಎಳೆದುಕೊಳ್ಳುತ್ತದೆ. ನಮ್ಮ ಎಣಿಕೆ ಏರುತ್ತದೆ, ನಿಜವಾದ ಬರವಣಿಗೆ ಮಾತ್ರ ಏರಿರುವುದಿಲ್ಲ. ಇದನ್ನು ಮರೆತು ಬರೆದ ಪ್ರಬಂಧಗಳನ್ನು ನಾನು ತಿದ್ದಿದ್ದೇನೆ. ಗುರುತು ಸುಳ್ಳು ಹೇಳುವುದಿಲ್ಲ. ಆದರೆ ಅದು ಉತ್ತರ ಕೊಡುವುದು ನಾವು ಹಾಕಿದ ಪ್ರಶ್ನೆಗೆ, ನಾವು ಹಾಕಿದ್ದೇವೆ ಅಂದುಕೊಂಡ ಪ್ರಶ್ನೆಗಲ್ಲ. ಇನ್ನೊಂದು ಮಾತು, ಡಿಎನ್‌ಎಯೊಳಗೇ ಕೂತ ಟ್ರಿಷಿಯಂ ಒಡೆಯುವಾಗ ಆ ಡಿಎನ್‌ಎಗೇ ಪೆಟ್ಟಾಗಬಹುದು. ಅದಕ್ಕೇ ಕನಿಷ್ಠ ಎಷ್ಟು ಬೇಕೋ ಅಷ್ಟೇ ಹಾಕುವುದು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಮೇಡಂ, ನಿಮಗ ಹೆದರಿಕಿ ಆಗ್ತಿರಲಿಲ್ಲೇನು?" ಒಳ್ಳೆಯ ಪ್ರಶ್ನೆ. ಪಕ್ಕದ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇದೆ ಅಂತ ಗೊತ್ತಾದಾಗಿನಿಂದ ಈ ಭಾಗದಲ್ಲಿ 'ವಿಕಿರಣ' ಅನ್ನುವ ಪದ ಕೇಳಿದರೇ ಜನಕ್ಕೆ ಆತಂಕ. ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಕೇಳಬೇಕಾದ ನಾಲ್ಕು ಪ್ರಶ್ನೆ ಹೇಳುತ್ತೇನೆ: ಯಾವ ಕಣ, ಎಷ್ಟು ಬಲ, ಎಷ್ಟು ದಿನ, ಮೈಯೊಳಗೆ ಹೋದರೆ ಎಲ್ಲಿ ಕೂರುತ್ತದೆ. ಟ್ರಿಷಿಯಂ ಕಣ ನಮ್ಮ ಚರ್ಮದ ಮೇಲಿನ ಸತ್ತ ಪದರವನ್ನೂ ದಾಟುವುದಿಲ್ಲ, ಆದರೆ ನುಂಗಿದರೆ ಬೇರೆ ಮಾತು. ಅದಕ್ಕೆ ಲ್ಯಾಬಿನಲ್ಲಿ ಊಟ, ನೀರು, ಚಹಾ ಏನೂ ಇಲ್ಲ. ರಂಜಕ-32ಕ್ಕೆ ಒಂದು ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆಯ ಹಿಂದೆ ನಿಂತು ಕೆಲಸ. ಸೀಸ ಯಾಕೆ ಅಲ್ಲ ಅಂತ ಕೇಳುತ್ತಾರೆ. ಬಲವಾದ ಬೀಟಾ ಕಣ ಸೀಸಕ್ಕೆ ಡಿಕ್ಕಿ ಹೊಡೆದರೆ ಎಕ್ಸ್-ರೇ ಹುಟ್ಟುತ್ತದೆ. ಹಗುರ ವಸ್ತುವಿನಲ್ಲಿ ಅದು ಬಹಳ ಕಡಿಮೆ. ಕೆಲಸ ಮುಗಿದ ಮೇಲೆ ಗೈಗರ್ ಕೌಂಟರ್ ಹಿಡಿದು ಮೇಜು, ಕೈ, ಚಪ್ಪಲಿ ಎಲ್ಲ ನೋಡುತ್ತಿದ್ದೆವು. ಕಸವನ್ನು ಬೇರೆ ಡಬ್ಬದಲ್ಲಿ ತಾರೀಖು ಹಾಕಿ ಇಡುತ್ತಿದ್ದೆವು. ಹತ್ತು ಅರ್ಧಾಯುಷ್ಯ, ಅಂದರೆ ಸುಮಾರು 143 ದಿನ ಕಳೆದರೆ ರಂಜಕ-32ರಲ್ಲಿ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಹೆದರಿಕೆ ಇತ್ತು ಅಂತ ಹೇಳುವುದಿಲ್ಲ. ಎಚ್ಚರ ಇತ್ತು, ದಿನಾಲೂ ಇತ್ತು.

ನಮಗೆ ಸಾಮಾನು ಬರುತ್ತಿದ್ದದ್ದು ದೂರದಿಂದೇನಲ್ಲ. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯ ಆವರಣದಲ್ಲಿ ಅಣುಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆಯ ಒಂದು ಘಟಕ ಇದೆ. ರಂಜಕ-32 ಸೇರಿಸಿದ ಡಿಎನ್‌ಎ ಅಕ್ಷರಗಳನ್ನು ಅಲ್ಲಿ ತಯಾರಿಸಿ ದೇಶದ ಲ್ಯಾಬುಗಳಿಗೆ ಕಳಿಸುತ್ತಾರೆ. ಅದರ ಹೆಸರು ಜೊನಾಕಿ. ಬಂಗಾಳಿಯಲ್ಲಿ ಹಾಗಂದರೆ ಮಿಂಚುಹುಳ. ಇಷ್ಟು ಒಪ್ಪುವ ಹೆಸರನ್ನು ನಾನು ಇನ್ನೊಂದು ಲ್ಯಾಬಿಗೆ ಕೇಳಿಲ್ಲ. ಈಗ ಬಹಳ ಕಡೆ ವಿಕಿರಣ ಬಿಟ್ಟು ಬಿಆರ್‌ಡಿಯು, ಇಡಿಯು ಅನ್ನುವ ಬದಲಿ ಅಕ್ಷರಗಳನ್ನು ಬಳಸುತ್ತಾರೆ. ಅವುಗಳ ಗುರುತು ಹೊಳೆಯುವ ಬಣ್ಣದಲ್ಲಿ ಒಂದೇ ದಿನದಲ್ಲಿ ಕಾಣುತ್ತದೆ. ಆರು ವಾರ ಕಾಯಬೇಕಾಗಿಲ್ಲ. ಒಳ್ಳೆಯದೇ ಆಯಿತು. ಯೋಚನೆ ಮಾತ್ರ ಅದೇ ಹಳೆಯದು.

ಕೊನೆಗೆ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತರು. "ವಯಸ್ಸಾದ ಮೇಲೆ ಮೆದುಳಿನಲ್ಲಿ ಹೊಸ ಕೋಶ ಹುಟ್ಟುತ್ತವೇನಮ್ಮ?" ಇಲಿಗಳಲ್ಲಿ ಹುಟ್ಟುತ್ತವೆ ಅಂತ ಜೋಸೆಫ್ ಆಲ್ಟ್‌ಮನ್ 1960ರ ದಶಕದಲ್ಲೇ ಟ್ರಿಷಿಯಂ ಥೈಮಿಡಿನ್ ಬಳಸಿ ತೋರಿಸಿದ್ದರು. ಬಹಳ ವರ್ಷ ಯಾರೂ ಕಿವಿಗೊಡಲಿಲ್ಲ. ಮನುಷ್ಯರಿಗೆ ಹಾಗೆ ಟ್ರಿಷಿಯಂ ಕೊಟ್ಟು ನೋಡುವಂತಿಲ್ಲ. ಆದರೆ ನಮಗೆಲ್ಲ ಯಾರೋ ಈಗಾಗಲೇ ಗುರುತು ಹಾಕಿಬಿಟ್ಟಿದ್ದಾರೆ. 1950ರ ದಶಕದಿಂದ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ನೋಡಿದವು. ಗಾಳಿಯಲ್ಲಿ ಕಾರ್ಬನ್ನಿನ ವಿಕಿರಣಶೀಲ ರೂಪವಾದ ಕಾರ್ಬನ್-14 ಏರಿತು, 1960ರ ದಶಕದ ಮೊದಲಿಗೆ ಹೆಚ್ಚುಕಡಿಮೆ ಇಮ್ಮಡಿ ಆಯಿತು. ಬಯಲಿನ ಪರೀಕ್ಷೆಗಳನ್ನು ನಿಷೇಧಿಸಿದ 1963ರ ಒಪ್ಪಂದದ ನಂತರ ಇಳಿಯುತ್ತಾ ಬಂತು. ಅದು ಗಿಡಕ್ಕೆ ಹೋಯಿತು, ಜೋಳಕ್ಕೆ ಹೋಯಿತು, ನಮ್ಮ ಡಿಎನ್‌ಎಗೂ ಬಂತು. ಕೋಶ ತನ್ನ ಡಿಎನ್‌ಎ ಬರೆದ ವರ್ಷದ ಗಾಳಿ ಅದರಲ್ಲಿ ಉಳಿದಿರುತ್ತದೆ. ಸ್ಟಾಕ್‌ಹೋಮಿನ ಯೋನಾಸ್ ಫ್ರಿಸೇನ್ ತಂಡ ಇದನ್ನೇ ಅಳೆದು, ಮೆದುಳಿನ ಎರಡೂ ಬದಿಯಲ್ಲಿರುವ, ನೆನಪಿಗೆ ಸಂಬಂಧಪಟ್ಟ ಹಿಪ್ಪೊಕ್ಯಾಂಪಸ್ ಒಂದೊಂದರಲ್ಲೂ ದೊಡ್ಡವರಲ್ಲೂ ದಿನಕ್ಕೆ ಸುಮಾರು 700 ಹೊಸ ನರಕೋಶ ಸೇರುತ್ತವೆ ಅಂತ 2013ರಲ್ಲಿ ಹೇಳಿತು. 2018ರಲ್ಲಿ ಬೇರೆ ವಿಧಾನದಿಂದ ನೋಡಿದ ಇನ್ನೊಂದು ತಂಡ, ದೊಡ್ಡವರಲ್ಲಿ ನಮಗೆ ಅಂಥದ್ದು ಸಿಗಲಿಲ್ಲ ಅಂದಿತು. ವಾದ ಇನ್ನೂ ನಡೆದಿದೆ.

ಹಲ್ಲಿನ ಹೊರಪದರದಲ್ಲೂ ಇದೇ ಕಾರ್ಬನ್ ಇರುತ್ತದೆ. ಚಿಕ್ಕವರಿದ್ದಾಗ ಒಮ್ಮೆ ಕಟ್ಟಿದ ಆ ಪದರ ಮತ್ತೆ ಬದಲಾಗುವುದಿಲ್ಲ. ಅದನ್ನು ಅಳೆದು ಹುಟ್ಟಿದ ವರ್ಷವನ್ನು ಒಂದೂವರೆ ವರ್ಷದ ಆಚೆಈಚೆಯಲ್ಲಿ ಹೇಳಬಹುದು. ಇದನ್ನು ಹೇಳಿ ಮುಗಿಸಿ ಲೋಟದ ನೀರು ಚೆಲ್ಲುತ್ತಿದ್ದೆ. ಸ್ಟುಡಿಯೋದ ಹಿರಿಯರು ಮೇಜಿನ ಹತ್ತಿರ ಬಂದರು.

"ನಂದು ಸಾಲಿ ದಾಖಲಾತಿಯಾಗ ಜೂನ್ 1, 1965 ಅಂತ ಅದರಿ. ಮಾಸ್ತರು ಬರೆದದ್ದು. ನಮ್ಮವ್ವಗ ವರ್ಷ ನೆನಪಿದ್ದಿಲ್ಲ, ದೊಡ್ಡ ಮಳಿ ಆಗಿತ್ತು ಅಂತಿದ್ಲು ಅಷ್ಟ." ಅವರು ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಕೇಳಿದರು. "ಒಂದು ಹಲ್ಲು ಸಾಕೇನ್ರಿ ಮೇಡಂ?"

ಸಾಕು ಅಂದೆ. ಎರಡು ಇದ್ದರೆ ಇನ್ನೂ ಒಳ್ಳೆಯದು, ಒಂದು ಬೇಗ ಕಟ್ಟಿದ್ದು, ಒಂದು ತಡವಾಗಿ ಕಟ್ಟಿದ್ದು.